ಕಾಳಪ್ಪಕಾಕಾ ಮತ್ತು ನಮ್ಮ ಪಡಸಾಲೆಯ ಶೋಕೇಸು

ಯಾವ ಗೋಡೆಗೆ ಕೆಲಸ ಮಾಡಬೇಕೋ ಅದೇ ಗೋಡೆಗೆ ಬೆನ್ನು ಹಚ್ಚಿ ಕೂಡುವ ಬಡಿಗರು ನಾನು ಕಂಡಂತೆ ಒಬ್ಬರೇ, ಹಂಸಭಾವಿಯ ಕಾಳಪ್ಪಕಾಕಾ. ಹೊಸ ಟಿ.ವಿ.ಗೊಂದು ಶೋಕೇಸು ಮಾಡಿಸಬೇಕೆಂದು ಅವರನ್ನು ಹಿರೇಕೆರೂರಿನ ನಮ್ಮ ಮನೆಗೆ ಕರೆಸಿದ್ದೆವು. ಬಂದವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ಪಡಸಾಲೆಯ ಗೋಡೆಯನ್ನು ನೋಡಿಯೂ ನೋಡದವರಂತೆ ಅದಕ್ಕೆ ಒರಗಿ ಕುಳಿತರು. ಮೊಣಕಾಲು ಮಡಚಿ, ಸುತ್ತ ಟವೆಲು ಬಿಗಿದುಕೊಂಡು, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡತೊಡಗಿದರು. ಅತ್ತೆ ತಮ್ಮ ಮಂಚದ ಮೇಲಿದ್ದರು. ನನ್ನ ಯಜಮಾನರು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಮೈದುನ ಶಿವಾನಂದ ನೆಲದ ಮೇಲೆ ತಲೆದಿಂಬು ಹಾಕಿಕೊಂಡು, ಅವನ ಹೆಂಡತಿ ಸವಿತಾ ಅಡುಗೆಮನೆಯ ಹೊಸ್ತಿಲ ಬಳಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಅಳತೆಯ ಟೇಪು ತಂದಿಲ್ಲವೇ ಎಂದು ಯಜಮಾನರು ಕೇಳಿದರು.

"ಗ್ವಾಡಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಮೊದ್ಲ ಮಂದಿ ಎಲ್ಲೆಲ್ಲಿ ಕುಂದರ್ತಾರ ನೋಡ್ತೇನಿ," ಎಂದರು ಕಾಳಪ್ಪಕಾಕಾ. ಆಮೇಲೆ ಚಹಾ ಹಿಡಿದು ನಿಂತಿದ್ದ ನನ್ನ ಕಡೆ ಗದ್ದ ಎತ್ತಿ, "ಈಕಿ ಎಲ್ಲಿ ಕುಂದರ್ತಾಳ?" ಎಂದು ಕೇಳಿದರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಗೊತ್ತಿರಲಿಲ್ಲ. ನನಗೂ ಸಟ್ಟನೆ ಹೇಳಲಾಗಲಿಲ್ಲ, ಏಕೆಂದರೆ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಟಿ.ವಿ. ನೋಡಿದ್ದೆಲ್ಲ ಅಡುಗೆಮನೆಯ ಬಾಗಿಲಿಗೆ ಆತು ನಿಂತುಕೊಂಡೇ. ಒಲೆಯ ಮೇಲೆ ಏನಾದರೊಂದು ಇದ್ದೇ ಇರುತ್ತಿತ್ತು. ಕಾಕಾ ಬಸಿಗೆ ಚಹಾ ಸುರಿದುಕೊಂಡು ಸುರ್ ಎಂದು ಎಳೆದು, "ಆತು ಬಿಡು," ಎಂದರು.

ಈ "ಆತು ಬಿಡು" ಅವರ ಬಾಯಲ್ಲಿ ಎಲ್ಲದಕ್ಕೂ ಬರುತ್ತಿತ್ತು. ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ಅದೇ, ಬಸ್ಸು ತಪ್ಪಿದರೂ ಅದೇ, ಯಾರಾದರೂ ಸತ್ತ ಸುದ್ದಿ ಬಂದರೂ ಅದೇ. ಅದರಲ್ಲಿ ಒಪ್ಪಿಗೆಯಿದೆಯೋ ಬೇಸರವಿದೆಯೋ ತಿಳಿಯುತ್ತಿರಲಿಲ್ಲ. ಅವರಿಗೆ ಆಗಲೇ ವಯಸ್ಸಾಗಿತ್ತು. ಒಣಗಿದ ಮೈ, ಬಾಗಿದ ಬೆನ್ನು, ಒಂದು ಕಡೆ ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕ. ಕೂಡುವ ಮುನ್ನ ಒಮ್ಮೆ, ಏಳುವ ಮುನ್ನ ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟು "ಸಾಕಾಗೇತಿ" ಅನ್ನುತ್ತಿದ್ದರು. ಏನು ಸಾಕಾಗಿದೆ ಎಂದು ಕೇಳಿದರೆ ಪಟ್ಟಿಯೇ ಇತ್ತು: ಮೊಣಕಾಲ ನೋವು, ಹಂಸಭಾವಿಯಿಂದ ಬರುವ ಬಸ್ಸಿನ ನೂಕುನುಗ್ಗಲು, ಮೂಗಿಗೆ ಅಡರುವ ಪ್ಲೈವುಡ್ಡಿನ ಧೂಳು, ಮೊಬೈಲಿನಲ್ಲಿ ಚಿತ್ರ ತೋರಿಸಿ "ಇಂಥಾದ್ದ ಬೇಕ್ರಿ" ಅನ್ನುವ ಗಿರಾಕಿಗಳು. ಆ ಕೊನೆಯದನ್ನು ಹೇಳುವಾಗ ಅವರ ಮುಖದಲ್ಲಿ ಹಳಸಿದ ಸಾರು ತಿಂದವರ ಭಾವ ಬರುತ್ತಿತ್ತು.

ನಮ್ಮ ಹೊಲ ಇರುವುದು ಹಂಸಭಾವಿಯ ಕಡೆ. ಮಾವನವರ ಕಾಲದಲ್ಲಿ ಕಾಳಪ್ಪಕಾಕಾ ನಮ್ಮ ಮನೆಯ ನೇಗಿಲು, ಕುಂಟೆ, ಚಕ್ಕಡಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರಂತೆ. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಾಳು ಕೊಡುವುದು ರೂಢಿ. ಅದನ್ನು ಆಯ ಅನ್ನುತ್ತಾರೆ. ಈಗ ಚಕ್ಕಡಿ ಹೋಗಿ ಟ್ರ್ಯಾಕ್ಟರು ಬಂದಿದೆ, ನೇಗಿಲು ಅಟ್ಟದ ಮೇಲೆ ಗೆದ್ದಲು ಹಿಡಿದಿದೆ. ಆದರೂ ಅತ್ತೆ ಆಯ ನಿಲ್ಲಿಸಿರಲಿಲ್ಲ. ಸವಿತಾಳಿಗೆ ಹಾವೇರಿ ರಸ್ತೆಯ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ, ಬಿಳಿ ಬಣ್ಣದ, ದೀಪ ಹೊತ್ತುವ ಶೋಕೇಸು ಬೇಕಿತ್ತು. ಕಾಳಪ್ಪನಿರುವಾಗ ಅಂಗಡಿಯ ಮಾಲು ಈ ಮನೆಯ ಹೊಸ್ತಿಲು ದಾಟಕೂಡದು ಎಂದು ಅತ್ತೆ ಹೇಳಿದ ಮೇಲೆ ಅವಳು ಸುಮ್ಮನಾದಳು. ಸುಮ್ಮನಾದಳು ಅಂದರೆ ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಇಟ್ಟಳು.

ಕಾಕಾ ಟೇಪು ಹಿಡಿದು ಬಂದದ್ದು ಮುಂದಿನ ವಾರ. ಅಳತೆ ತೆಗೆದು ಕಾಗದದ ಮೇಲೆ ಬರೆದುಕೊಳ್ಳುತ್ತಾರೆಂದು ನಾವು ಕಾಯುತ್ತಿದ್ದರೆ, ಅವರು ಜೇಬಿನಿಂದ ಶಾಲೆಯ ಸೀಮೆಸುಣ್ಣ ತೆಗೆದು ಗೋಡೆಯ ಮೇಲೆಯೇ ಇಡೀ ಶೋಕೇಸು ಬರೆದರು. ನಿಜವಾದ ಅಳತೆಯಲ್ಲೇ. ನಡುವೆ ಟಿ.ವಿ.ಯ ಜಾಗ, ಎರಡೂ ಕಡೆ ಉದ್ದನೆಯ ಖಾನೆಗಳು, ಕೆಳಗೆ ಡ್ರಾವರುಗಳು, ಹಿಡಿಕೆ ಸಮೇತ. ಬರೆದು ಮುಗಿಸಿ ಕೈ ಝಾಡಿಸಿಕೊಂಡು, ಇದನ್ನು ಒರೆಸದೆ ಕೆಲ ದಿನ ಇದರ ಜೊತೆ ಬಾಳುವೆ ಮಾಡಿ, ಆಮೇಲೆ ಹೇಳಿ ಕಳಿಸಿ ಎಂದು ಬಸ್ಸಿಗೆ ಹೋದರು. ಎಲ್ಲಿಯೇ ಕೆಲಸ ಹಿಡಿದರೂ ಅವರ ಪದ್ಧತಿ ಇದೇ ಆಗಿತ್ತಂತೆ. ಕಟ್ಟಿಗೆ ಕೊಯ್ದ ಮೇಲೆ ಮನಸ್ಸು ಬದಲಾದರೆ ಯಾರಿಗೂ ಏನೂ ಮಾಡಲು ಬರುವುದಿಲ್ಲ, ಸೀಮೆಸುಣ್ಣವನ್ನಾದರೆ ಒರೆಸಬಹುದು ಅನ್ನುವುದು ಅವರ ಲೆಕ್ಕ.

ಆ ಗೆರೆಗಳ ಜೊತೆ ನಾವು ನಿಜವಾಗಿಯೂ ಬಾಳುವೆ ಮಾಡಿದೆವು. ಟಿ.ವಿ. ತನ್ನ ಡಬ್ಬಿಯೊಳಗೇ ಮೂಲೆಯಲ್ಲಿ ನಿಂತಿತ್ತು. ಜಗಳವೆಲ್ಲ ಗೋಡೆಯ ಮೇಲೆ ನಡೆಯಿತು. ಅತ್ತೆಗೆ ನಟ್ಟನಡುವೆ ಮಾವನವರ ಫೋಟೋ ಬೇಕು, ಟಿ.ವಿ. ಬೇಕಾದರೆ ಪಕ್ಕಕ್ಕೆ ಸರಿಯಲಿ. ಸವಿತಾಳಿಗೆ ತವರಿನಿಂದ ತಂದ ಗಾಜಿನ ಕಪ್ಪುಗಳಿಗೆ ಕನ್ನಡಿಯ ಬಾಗಿಲು ಬೇಕು. ಶಿವಾನಂದನಿಗೆ ದೊಡ್ಡ ಸ್ಪೀಕರ್ ಇಡಲು ಎರಡೂ ಕಡೆ ಜಾಗ ಬೇಕು. ನನ್ನ ಯಜಮಾನರಿಗೆ ಹೊಲದ ಕಾಗದಪತ್ರ ಇಡಲು ಕೀಲಿ ಹಾಕುವ ಖಾನೆ ಬೇಕು, ಟಿ.ವಿ.ಯ ಕೆಳಗೆ ಕಾಗದಪತ್ರ ಇಡುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ಗೆರೆ ಒರೆಸಿ ತಮಗೆ ಬೇಕಾದಂತೆ ಬರೆಯುವರು. ಬೆಳಿಗ್ಗೆ ಕಸ ಗುಡಿಸುವಾಗ ಗೋಡೆಯ ಬುಡದ ಬಿಳಿ ಪುಡಿಯನ್ನು ಬಳಿಯುವುದು ಮಾತ್ರ ನನ್ನ ಪಾಲಿಗೆ. ಕಾಕಾ ವಾರಕ್ಕೊಮ್ಮೆ ಬಂದು, ಹೊಸ ಗೆರೆಗಳನ್ನು ನೋಡಿ, "ಆತು ಬಿಡು," ಎಂದು ಮತ್ತೆ ತಿದ್ದಿ ಹೋಗುವರು. ಅವರೊಮ್ಮೆಯೂ ಸಿಟ್ಟಾಗಲಿಲ್ಲ. ನನಗೆ ಮಾತ್ರ ಒಂದು ದಿನ ಬಕೆಟ್ಟು ನೀರು ತಂದು ಇಡೀ ಗೋಡೆ ತೊಳೆದುಬಿಡಬೇಕು ಅನ್ನಿಸಿತ್ತು.

ಅಷ್ಟರಲ್ಲಿ ಸುಗ್ಗಿ ಬಂದು ಇನ್ನೊಂದು ಪಂಚಾಯಿತಿ ಶುರುವಾಯಿತು. ಗೋವಿನಜೋಳ ರಾಶಿಯಾದರೆ ದರ ಏರುವವರೆಗೆ ಚೀಲಗಳು ನಮ್ಮ ಪಡಸಾಲೆಯಲ್ಲೇ ಇರುತ್ತವೆ. ಆ ದಿನಗಳಲ್ಲಿ ನೆಲ ಕಾಣುವುದಿಲ್ಲ. ಎಲ್ಲರೂ ಚೀಲದ ಮೇಲೆಯೇ ಕುಳಿತು ಟಿ.ವಿ. ನೋಡುವುದು. ಸೀಮೆಸುಣ್ಣದ ಶೋಕೇಸಿನ ಕೆಳಗಿನ ಅರ್ಧ ಚೀಲಗಳ ಹಿಂದೆ ಮುಚ್ಚಿಹೋಯಿತು. ಕಾಕಾ ಬಂದವರೇ ಇದನ್ನು ಕಂಡು, ಉಸಿರು ಬಿಟ್ಟು, ಮೊಣಕಾಲು ಹಿಡಿದುಕೊಂಡು ಚೀಲದ ರಾಶಿ ಹತ್ತಿದರು. ಅಂದು ಸಂಜೆಯ ಧಾರಾವಾಹಿ ಮುಗಿಯುವವರೆಗೆ ಹಳೆಯ ಸಣ್ಣ ಟಿ.ವಿ.ಯನ್ನು ಮೇಲಿನಿಂದಲೇ ನೋಡಿದರು. ಧಾರಾವಾಹಿಯ ಅತ್ತೆ ಸೊಸೆಗೆ ಬೈಯುವಾಗ ನಮ್ಮ ಅತ್ತೆಯ ಕಡೆ ತಿರುಗಿ, ನೀನೂ ಹಿಂಗ ಏನು ಎಂದು ಕೇಳಿದರು. ಅತ್ತೆ ನಕ್ಕದ್ದನ್ನು ಆ ವರ್ಷ ನಾನು ನೋಡಿದ್ದು ಅಂದೇ ಇರಬೇಕು.

ಇಳಿದು ಬಂದು ಅವರು ಹೊಸ ವಿಚಾರ ತೆಗೆದರು. ಟಿ.ವಿ. ಕೂಡುವ ಹಲಗೆಗೆ ಎರಡು ಎತ್ತರ ಇರಲಿ. ಚೀಲ ಬಂದಾಗ ಮೇಲೆ, ಚೀಲ ಹೋದಾಗ ಕೆಳಗೆ. ಇದನ್ನು ಹೇಳುವಾಗ ಅವರ ಕಣ್ಣಿನಲ್ಲಿ ಒಂದು ಮಿಂಚು ಬಂದಿತ್ತು, ಮೊಣಕಾಲ ನೋವು ಮರೆತಿತ್ತು. ನಾವೆಲ್ಲ ಭಲೇ ಅಂದೆವು. ಆದರೆ ಶೋಕೇಸು ನಿಂತ ವರ್ಷದಿಂದಲೇ ಅಣ್ಣತಮ್ಮಂದಿರು ಜೋಳವನ್ನು ಹೊಲದಿಂದ ನೇರ ವ್ಯಾಪಾರಸ್ಥರ ಲಾರಿಗೆ ತುಂಬಿಸತೊಡಗಿದರು. ಪಡಸಾಲೆಗೆ ಮತ್ತೆ ಚೀಲ ಬರಲೇ ಇಲ್ಲ. ಕಾಕಾ ಅಷ್ಟು ತಲೆ ಕೆಡಿಸಿಕೊಂಡು ಬಿಟ್ಟ ಮೇಲಿನ ಜಾಗ ಬರಿದೇ ಉಳಿದು, ಕೊನೆಗೆ ಅತ್ತೆ ಅಲ್ಲಿ ಮಾವನವರ ಫೋಟೋ ಇಟ್ಟರು. ಕೆಳಗಿನ ಒಂದು ಡ್ರಾವರಂತೂ ಮಳೆಗಾಲದಲ್ಲಿ ಉಬ್ಬಿ ತೆರೆಯುತ್ತಲೂ ಇರಲಿಲ್ಲ. ಅದಕ್ಕೆ ಕಾಕಾ ಮಳೆಯನ್ನು ಬೈದರೇ ಹೊರತು ತಮ್ಮ ಕೈಯನ್ನು ಬೈದುಕೊಳ್ಳಲಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಆ ದಿನಗಳಲ್ಲಿ ನಮ್ಮ ಮನೆ ಒಡೆಯುವ ಹಂತಕ್ಕೆ ಬಂದಿತ್ತು. ಹೊಲ ನೋಡುವ ನನ್ನ ಯಜಮಾನರಿಗೆ ಇಡೀ ಮನೆಯ ಭಾರ ತಾವೇ ಹೊತ್ತಿದ್ದೇವೆಂಬ ಭಾವನೆ. ಗೊಬ್ಬರದ ಅಂಗಡಿ ನಡೆಸುವ ಶಿವಾನಂದನಿಗೆ ಅದೇ ಭಾವನೆ. ಇಬ್ಬರೂ ಊಟಕ್ಕೆ ಬೇರೆ ಬೇರೆ ಹೊತ್ತಿಗೆ ಬರತೊಡಗಿದ್ದರು, ಅಂದರೆ ನಮಗೆ ರೊಟ್ಟಿ ಬಡಿಯುವುದು ಎರಡು ಸಲ. ನನಗೂ ಬೇರೆಯಾಗಬೇಕೆಂದೇ ಇತ್ತು. ಇದನ್ನು ಮುಚ್ಚಿಡುವುದಿಲ್ಲ, ತಪ್ಪೆಂದೂ ತಿಳಿದಿಲ್ಲ. ಹೊತ್ತು ಹೊತ್ತಿಗೆ ಅಷ್ಟು ಮಂದಿಗೆ ರೊಟ್ಟಿ ಬಡಿದು ಬಡಿದು ಹೆಗಲು ಇಳಿದುಹೋಗಿತ್ತು. ಒಂದು ಸಣ್ಣ ಅಡುಗೆಮನೆ, ನಾನು ಇಟ್ಟ ಡಬ್ಬಿ ಇಟ್ಟಲ್ಲೇ ಇರುವಂಥದ್ದು, ಅಷ್ಟೇ ನನ್ನ ಆಸೆ. ಆದರೆ ಅತ್ತೆಯ ಎದುರು ಆ ಮಾತು ಎತ್ತುವವರಿರಲಿಲ್ಲ. "ನಾ ಹ್ವಾದ ಮ್ಯಾಲೆ ಏನರ ಮಾಡ್ಕೋರಿ," ಎಂದು ಅವರೊಮ್ಮೆ ಹೇಳಿದ್ದರು. ಹಾಗಾಗಿ ಎಲ್ಲರೂ ಒಳಗೊಳಗೇ ಕುದಿಯುತ್ತ, ಹೊರಗೆ ಕೂಡಿಕೊಂಡು ಶೋಕೇಸಿನ ಗೆರೆ ತಿದ್ದುತ್ತಿದ್ದೆವು. ಒಡೆಯಲಿರುವ ಮನೆಗೆ ಗೋಡೆ ತುಂಬ ಶೋಕೇಸು ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಡೆಯುವ ಮಾತೇ ಮೊದಲು ಆಡಬೇಕಾಗುತ್ತಿತ್ತು.

ಕಟ್ಟಿಗೆ ತಂದು ಕಾಕಾ ನಮ್ಮ ಹಿತ್ತಲಿನಲ್ಲಿ ಕೆಲಸ ಶುರುಮಾಡಿದರು. ಮುಂಜಾನೆ ಬಸ್ಸಿಗೆ ಬಂದು ಸಂಜೆ ಹೋಗುವರು. ಮಧ್ಯಾಹ್ನದ ಊಟ ನಮ್ಮಲ್ಲೇ. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನಾನು ಚಹಾ ಒಯ್ದೆ. ಅವರು ನುಗ್ಗೆಗಿಡದ ನೆರಳಿನಲ್ಲಿ ಹಲಗೆಗೆ ರಂದಾ ಹೊಡೆಯುತ್ತಿದ್ದರು. ಕಾಲ ಬುಡದಲ್ಲಿ ಕಟ್ಟಿಗೆಯ ಸುರುಳಿಗಳು ಬಿದ್ದಿದ್ದವು. ಹೇಳಲೋ ಬೇಡವೋ ಎಂದು ತಡವರಿಸುತ್ತಲೇ ಕೇಳಿದೆ.

"ಕಾಕಾ, ನಾಳೆ ಹೆಂಗೋ ಏನೋ. ಇದನ್ನ ಎರಡ ಭಾಗ ಆಗಿ ಬಿಚ್ಚೂವಂಗ ಮಾಡಾಕ ಬರ್ತೈತೇನ್ರಿ?"

ಅವರು ರಂದಾ ನಿಲ್ಲಿಸಲಿಲ್ಲ. ಹಲಗೆಯ ಕೊನೆಯವರೆಗೂ ಒಂದು ಸುತ್ತು ಹೊಡೆದು, ಅಂಗೈ ಸವರಿ ನೋಡಿ, ಆಮೇಲೆ ಚಹಾ ತೆಗೆದುಕೊಂಡರು. ನನ್ನ ಮುಖ ನೋಡದೆಯೇ ಮಾತಾಡಿದರು.

"ನಮ್ಮಪ್ಪ ಒಂದು ಮಂಚಾ ಮಾಡಿದ್ದ ಯವ್ವಾ, ಸಾಗವಾನಿದು. ನಾನೂ ನಮ್ಮ ತಮ್ಮಾ ಬ್ಯಾರೆ ಆಗೂ ಮುಂದ ಇಬ್ರಿಗೂ ಅದ ಬೇಕಾತು. ಹಿರ್ಯಾರು ಹೇಳಿ ಹೇಳಿ ಸಾಕಾಗಿ ಎದ್ದು ಹ್ವಾದ್ರು. ಗರಗಸ ತಂದು ನಡುವ ನಾನ ಕೊಯ್ದೆ. ಅವನ ಕಡೆ ಎರಡ ಕಾಲು, ನನ್ನ ಕಡೆ ಎರಡ ಕಾಲು. ಮಂಚ ಅಂದ ಮ್ಯಾಲೆ ನಿಂದ್ರಬೇಕಲ್ಲ. ನಿಂದ್ರಲಿಲ್ಲ. ಎರಡೂ ಒಲಿಗೆ ಹ್ವಾದುವು."

ತಮ್ಮ ಈಗೆಲ್ಲಿದ್ದಾರೆಂದು ನಾನು ಕೇಳಿದೆ. ಅಕ್ಕಿಆಲೂರಿನಲ್ಲಿ ಯಾವುದೋ ರೈಸ್ ಮಿಲ್ಲಿನಲ್ಲಿದ್ದಾನೆ, ಮಾತಿಲ್ಲ ಎಂದರು. ಮತ್ತೆ ರಂದಾ ಕೈಗೆತ್ತಿಕೊಂಡು, "ಕೂಡಿ ಇರ್ರಿ ಅಂತ ನಾ ಹೇಳಂಗಿಲ್ಲ. ನಾ ಏನು ಸ್ವಾಮಿಗೋಳಲ್ಲ. ಮಾಡಿದ್ದು ನಿಂದ್ರಬೇಕು, ಅಷ್ಟ. ಆತು ಬಿಡು," ಎಂದರು. ಅದು ಆಯಿತು ಎಂಬ ಒಪ್ಪಿಗೆಯೇ ಎಂದು ನನಗೆ ತಿಳಿದದ್ದು ಶೋಕೇಸು ನಿಂತ ದಿನ. ಯಾರೂ ನೋಡದಾಗ ನನ್ನನ್ನು ಕರೆದು, ಡ್ರಾವರು ಹೊರಗೆಳೆದು, ಒಳಗೆ ಕೈ ಹಾಕಿ ಮುಟ್ಟಿಸಿದರು. ಬೆರಳಿಗೆ ಒಂದು ಬೋಲ್ಟು ಸಿಕ್ಕಿತು. ಇಡೀ ಶೋಕೇಸು ನಿಜವಾಗಿ ಎರಡಾಗಿತ್ತು, ಒಂದೊಂದಕ್ಕೂ ನಾಲ್ಕು ಕಾಲು. ಕೆಲವು ಬೋಲ್ಟುಗಳು ಅವನ್ನು ಒಂದಾಗಿ ಹಿಡಿದಿದ್ದವು. ಟಿ.ವಿ. ಮಾತ್ರ ಎರಡರ ಮೇಲೂ ಕುಳಿತಿತ್ತು. ಅದೇನಾಗಬೇಕೆಂದು ಪಿಸುಮಾತಿನಲ್ಲಿ ಕೇಳಿದ್ದಕ್ಕೆ, ಟಿ.ವಿ. ತಾವು ಮಾಡಿದ್ದಲ್ಲ, ಅದು ನಮ್ಮ ಮನೆಯವರ ಜಗಳ ಎಂದರು.

ಶೋಕೇಸು ಚೆನ್ನಾಗಿಯೇ ಬಂದಿತ್ತು. ನೋಡಲು ಓಣಿಯವರೆಲ್ಲ ಬಂದರು. ಪಕ್ಕದ ಮನೆಯ ಗಂಗಮ್ಮ ಕಣ್ಣು ಕಿರಿದು ಮಾಡಿ ನೋಡಿ, ನಡುವೆ ನಿಲ್ಲಿಸಿದ ಹಲಗೆಯ ಫಳಿ ಒಂದೇ ಸಾಕಿತ್ತಲ್ಲ, ಎರಡು ಯಾಕೆ ಜೋಡಿಸಿದ್ದಾನೆ ಎಂದು ಕೇಳಿದಳು. ನಾನು, ಸವಿತಾ, ಅಣ್ಣತಮ್ಮಂದಿರು ಎಲ್ಲರೂ ಒಟ್ಟಿಗೇ ಬಾಯಿ ಹಾಕಿದೆವು. ಟಿ.ವಿ. ಭಾರವೆಂದು ಒಬ್ಬರು, ಗಟ್ಟಿ ಇರಲೆಂದು ಒಬ್ಬರು, ಈಗಿನ ಡಿಸೈನೇ ಹಾಗೆಂದು ಇನ್ನೊಬ್ಬರು. ನಾನು ಏನು ಹೇಳಿದೆನೋ ನೆನಪಿಲ್ಲ. ಇವರೆಲ್ಲ ಯಾಕಿಷ್ಟು ಗಡಿಬಿಡಿ ಮಾಡುತ್ತಿದ್ದಾರೆಂದು ಆಗ ನನಗೆ ಹೊಳೆಯಲೇ ಇಲ್ಲ. ಗುಟ್ಟು ಗೊತ್ತಿರುವುದು ನನ್ನೊಬ್ಬಳಿಗೇ ಎಂದುಕೊಂಡಿದ್ದೆ. ಕಾಕಾ ಉಪಕರಣಗಳನ್ನು ಚೀಲಕ್ಕೆ ತುಂಬುತ್ತ ತಲೆ ಎತ್ತದೆ ಕುಳಿತಿದ್ದರು.

ಅದಾದ ಮೇಲೆ ಎರಡು ಸುಗ್ಗಿ ಹೋದವು. ಬೇರೆಯಾಗುವ ಮಾತು ಇಂದು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ವಿಚಿತ್ರವೆಂದರೆ, ಬಿಚ್ಚಬಹುದು ಎಂದು ಗೊತ್ತಾದ ಮೇಲೆ ನನಗೆ ಮೊದಲಿನಷ್ಟು ಅವಸರವಾಗಲಿಲ್ಲ. ರೊಟ್ಟಿ ಬಡಿಯುತ್ತ ಒಮ್ಮೊಮ್ಮೆ ಆ ಬೋಲ್ಟು ನೆನೆಸಿಕೊಳ್ಳುತ್ತಿದ್ದೆ, ಹೆಗಲಿಗೆ ಸ್ವಲ್ಪ ಹಗುರ ಅನ್ನಿಸುತ್ತಿತ್ತು.

ಕಾಳಪ್ಪಕಾಕಾ ಕೊನೆಯ ಸಲ ನಮ್ಮ ಮನೆಗೆ ಬಂದದ್ದು ಆಯಕ್ಕೆ. ತೀರ ಇಳಿದುಹೋಗಿದ್ದರು. ಕಾಳಿನ ಚೀಲ ಅವರಿಂದ ಎತ್ತಲಾಗದೆಂದು ಯಜಮಾನರು ಹೊಲದ ಕಡೆ ಹೋಗುವಾಗ ಮನೆಗೇ ಮುಟ್ಟಿಸುವುದಾಗಿ ಹೇಳಿದರು. ಕಾಕಾ ಶೋಕೇಸಿನ ಹತ್ತಿರ ಹೋಗಿ, ಎರಡು ಫಳಿ ಕೂಡಿದ ಕಡೆ ಮೇಲಿನಿಂದ ಕೆಳಗೆ ಕೈ ಆಡಿಸಿದರು. "ಇನ್ನೂ ಕೂಡೇ ಐತಿ," ಎಂದರು. ನನ್ನನ್ನು ಕೇಳಿದಂತಿರಲಿಲ್ಲ, ತಮಗೆ ತಾವೇ ಹೇಳಿಕೊಂಡಂತಿತ್ತು. ಕೆಲಸ ಈಗಲೂ ಮಾಡುತ್ತೀರಾ ಎಂದು ಕೇಳಿದೆ. ಯಾರೂ ಕರೆಯುವುದಿಲ್ಲ, ಕರೆದರೂ ಕೈ ನಡುಗುತ್ತದೆ, ಅದಕ್ಕೇನೂ ದುಃಖವಿಲ್ಲ, ಕುಳಿತಲ್ಲೇ ಕುಳಿತಿರುವುದು ಹಿತವಾಗಿದೆ ಎಂದರು. ಅವರ ಬಾಯಿಂದ ಹಿತ ಎಂಬ ಮಾತು ಕೇಳಿದ್ದು ಅದೊಂದೇ ಸಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟೆ. ಮಧ್ಯಾಹ್ನದ ಬಸ್ಸಿಗೆ ಹೋದರು.

ಬೇಸಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಅಣ್ಣತಮ್ಮಂದಿರು ಆಗ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಆದರೂ ಒಂದೇ ಬೈಕಿನ ಮೇಲೆ ಮಣ್ಣಿಗೆ ಹೋಗಿ ಬಂದರು. ಅತ್ತೆ ಅಂದು ಟಿ.ವಿ. ಹಚ್ಚಗೊಡಲಿಲ್ಲ. ಅಕ್ಕಿಆಲೂರಿನಿಂದ ಅವರ ತಮ್ಮ ಬಂದಿದ್ದನೇ ಎಂದು ನಾನು ಕೇಳಿದೆ. ಬಂದಿದ್ದನಂತೆ, ದೂರ ನಿಂತಿದ್ದನಂತೆ.

ಮುಂದಿನ ಮಳೆಗಾಲಕ್ಕೆ ಮನೆ ಒಡೆಯಿತು. ಹೇಳಿದವರು ಅತ್ತೆಯೇ. ಒಂದು ಬೆಳಿಗ್ಗೆ ಅಣ್ಣತಮ್ಮಂದಿರಿಬ್ಬರೂ ಅಂಗಳದಲ್ಲಿ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋದಾಗ ಹೊರಗೆ ಬಂದು, ಬೇರೆಯಾಗಿರಿ ಎಂದು ಅಷ್ಟೇ ಹೇಳಿ ಒಳಗೆ ಹೋದರು. ಹಿರಿಯರು ಕೂಡಿದರು, ಹೊಲ, ಅಂಗಡಿ, ಪಾತ್ರೆ ಎಲ್ಲ ಪಾಲಾಯಿತು. ಹಂಸಭಾವಿ ರಸ್ತೆಯ ಕಡೆ ಒಂದು ಬಾಡಿಗೆ ಮನೆಗೆ ನಾವು ಹೋಗುವುದೆಂದು, ಹಳೆಯ ಮನೆ ಶಿವಾನಂದನಿಗೆಂದು, ಅತ್ತೆಯೂ ಟಿ.ವಿ.ಯೂ ಅಲ್ಲೇ ಇರುವುದೆಂದು ಆಯಿತು. ಕೊನೆಗೆ ಉಳಿದದ್ದು ಶೋಕೇಸು. ಗೋಡೆ ತುಂಬ ಇರುವುದನ್ನು ಯಾರು ಒಯ್ಯುವುದು ಎಂದು ಹಿರಿಯರು ತಲೆ ಕೆರೆದುಕೊಂಡರು. ಮಾರಿಬಿಡಿ ಎಂದರೊಬ್ಬರು.

ಆಗ ನನ್ನ ಯಜಮಾನರು ಎದ್ದು ಹೋಗಿ ಎಡಗಡೆಯ ಡ್ರಾವರು ಎಳೆದು ಒಳಗೆ ಕೈ ಹಾಕಿದರು. ಅದೇ ಹೊತ್ತಿಗೆ ಶಿವಾನಂದ ಬಲಗಡೆಯ ಡ್ರಾವರಿಗೆ ಕೈ ಹಾಕಿದ್ದ. ಇಬ್ಬರೂ ಹಾಗೇ ಬಗ್ಗಿ ನಿಂತು ಒಬ್ಬರನ್ನೊಬ್ಬರು ನೋಡಿದರು.

"ನಿನಗ ಹೆಂಗ ಗೊತ್ತು?" ಎಂದರು ಯಜಮಾನರು.

"ನಾನ ಹೇಳಿ ಮಾಡ್ಸೇನಿ ಅಣ್ಣಾ," ಎಂದ ಶಿವಾನಂದ. ಅವನ ಮುಖ ಸಣ್ಣದಾಗಿತ್ತು.

ಸವಿತಾ ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು. ಅವಳೂ ಹೇಳಿದ್ದಳೆಂದು ಆ ನೋಟದಲ್ಲೇ ತಿಳಿಯಿತು; ನನ್ನದೂ ಅವಳಿಗೆ ತಿಳಿಯಿತು. ನಾಲ್ವರೂ ಬೇರೆ ಬೇರೆಯಾಗಿ, ಯಾರೂ ಇಲ್ಲದ ಹೊತ್ತು ನೋಡಿ, ಆ ಮುದುಕನ ಬಳಿ ಹೋಗಿ ಅದೊಂದೇ ಮಾತನ್ನು ಹೇಳಿ ಬಂದಿದ್ದೆವು. ನಾಲ್ವರಿಗೂ ಅವರು ಆತು ಬಿಡು ಅಂದಿದ್ದರು. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕದೆ, ದಿನವೂ ನಮ್ಮೆಲ್ಲರ ನಡುವೆ ಕುಳಿತು ಉಂಡು ಹೋಗಿದ್ದರು. ನನಗೆ ನಗು ಬಂತು, ಆಮೇಲೆ ನಾಚಿಕೆ ಬಂತು. ಎಲ್ಲರಿಗೂ ಒಂದೇ ಬೇಕಿತ್ತು, ಅದಕ್ಕಾಗಿ ಇಷ್ಟು ವರ್ಷ ಒಬ್ಬರ ಮೇಲೊಬ್ಬರು ಹಲ್ಲು ಕಡಿದಿದ್ದೆವು.

ಟಿ.ವಿ. ಕೆಳಗಿಳಿಸಿ, ಬೋಲ್ಟು ಬಿಚ್ಚಿ ನಮ್ಮ ಅರ್ಧವನ್ನು ಮೆಲ್ಲಗೆ ಸರಿಸಿದರು. ಎರಡೂ ಅಲ್ಲಾಡದೆ ತಮ್ಮ ತಮ್ಮ ಕಾಲ ಮೇಲೆ ನಿಂತವು. ಅಲ್ಲಿಯವರೆಗೆ ಒಂದಕ್ಕೊಂದು ಅಂಟಿಕೊಂಡು ಯಾರ ಕಣ್ಣಿಗೂ ಬೀಳದಿದ್ದ ಒಳಬದಿಗಳು ಈಗ ಕಂಡವು. ಅಲ್ಲಿ ಒರಟು ಕಟ್ಟಿಗೆ ಇರುತ್ತದೆಂದು ನಾನು ತಿಳಿದಿದ್ದೆ. ಎರಡೂ ಬದಿಗೆ ಕಾಕಾ ನುಣ್ಣಗೆ ಪಾಲಿಶ್ ಹೊಡೆದಿದ್ದರು. ಮುಂಭಾಗದ ಪಾಲಿಶು ಬಿಸಿಲಿಗೆ, ಕೈ ತಾಗಿ ಮಾಸಿತ್ತು. ಇದು ಹೊಸದರಂತೆಯೇ ಇತ್ತು. ಹಿರಿಯರೂ ಎದ್ದು ಬಂದು ಮುಟ್ಟಿ ನೋಡಿದರು.

ಅತ್ತೆ ಮಂಚದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದರು. ಅವರಿಗೆ ನೋವಾಯಿತೆಂದುಕೊಂಡು ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಅವಗ ಎಲ್ಲಾರಕಿಂತ ಮೊದ್ಲ ಹೇಳಿದಾಕಿ ನಾನು," ಎಂದರು ಅತ್ತೆ. "ಬಂದು ಗ್ವಾಡಿಗೆ ಕುಂತನಲ್ಲ, ಅವತ್ತ. ನೀವೆಲ್ಲಾ ಒಳಗ ಹ್ವಾದ ಮ್ಯಾಲೆ. ಇವ್ರು ಕೂಡಿ ಇರೂದಿಲ್ಲ ಕಾಳಪ್ಪಾ, ಬ್ಯಾರೆ ಆದ ದಿನ ಯಾರ ಪಾಲಿಗೂ ಕೊಯ್ದದ್ದು ಬಂತು ಅನಸಬಾರದು ಅಂದೆ."

ಕಾಕಾ ಏನೆಂದರು ಎಂದು ಕೇಳಿದೆ.

"ಏನಂತಾನ. ನಾ ಅಳಾಕತ್ತಿದ್ದೆ. ಅಂವಾ ಎದ್ದು ಹೋಗಿ ಕೊಡದಾಗಿನ ನೀರ ತಂದು ಕೊಟ್ಟ. ನಾ ಕುಡಿಯೂತನಕ ನಿಂತಿದ್ದ."

ನಾನು ಎದ್ದು ಹೋಗಿ ನಮ್ಮ ಪಾಲಿಗೆ ಬಂದ ಅರ್ಧದ ಆ ಬದಿ ಮುಟ್ಟಿದೆ. ಬೇರೆ ಮನೆ ಬೇಕೆಂದು ಅಷ್ಟು ವರ್ಷ ಬಯಸಿದ್ದವಳು ನಾನೇ. ಅದು ಕೈಗೆ ಬಂದ ದಿನ ಅಳು ತಡೆಯಲಾಗಲಿಲ್ಲ. ಹಂಸಭಾವಿಗೆ ಒಂದು ಫೋನು ಮಾಡಿ, ನೀವು ಮಾಡಿದ್ದು ನಿಂತಿದೆ ಕಾಕಾ ಎಂದು ಹೇಳಬೇಕು ಅನ್ನಿಸಿತು. ಹೇಳುವುದು ಯಾರಿಗೆ? ಅಂಗಳದಲ್ಲಿ ಟ್ರ್ಯಾಕ್ಟರು ಬಂದು ನಿಂತಿತ್ತು. ಶಿವಾನಂದ ಒಂದು ಕಡೆ, ನನ್ನ ಯಜಮಾನರು ಇನ್ನೊಂದು ಕಡೆ ಹಿಡಿದು, ಪಾಲಿಶಿಗೆ ಗೀರು ಬೀಳದಂತೆ ಅತ್ತೆಯ ಹಳೆಯ ಕೌದಿ ಸುತ್ತಿ, ನಮ್ಮ ಅರ್ಧವನ್ನು ಹೊರಗೆ ಎತ್ತಿಕೊಂಡು ಹೋದರು.